ಜೋಜಿಲಾ: ಟ್ಯಾಂಕು ಹತ್ತಿದ ಕೆಸರು ದಾರಿ

ಮಡಿಕೇರಿಗೆ ಹೋದವರು ಜನರಲ್ ತಿಮ್ಮಯ್ಯನವರ ಪ್ರತಿಮೆ ನೋಡದೆ ವಾಪಸ್ ಬರೋದು ಕಷ್ಟ. ಬಸ್ಸಿನ ಕಿಟಕಿಯಿಂದಲಾದರೂ ಕಂಡೇ ಕಾಣುತ್ತೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಆದರೆ 1948ರ ನವೆಂಬರ್ 1ರಂದು ಅವರು ಎಲ್ಲಿದ್ದರು ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ನಮಗೆ ನವೆಂಬರ್ 1 ಅಂದರೆ ರಾಜ್ಯೋತ್ಸವ. ರಾಜ್ಯ ಹುಟ್ಟುವುದಕ್ಕೆ ಸರಿಯಾಗಿ ಎಂಟು ವರ್ಷ ಮೊದಲು, ಅದೇ ತಾರೀಕಿಗೆ, ಕೊಡಗಿನ ಈ ಮನುಷ್ಯ ಸುಮಾರು 11,500 ಅಡಿ ಎತ್ತರದ ಜೋಜಿಲಾದಲ್ಲಿ, ಹಿಮದ ನಡುವೆ, ಟ್ಯಾಂಕುಗಳ ಜೊತೆ ಇದ್ದರು!

ಜೋಜಿಲಾ ಅನ್ನೋದು ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸೋನಾಮಾರ್ಗ್ ದಾಟಿದ ಮೇಲೆ ಸಿಗುವ ಕಣಿವೆದಾರಿ. ಲಡಾಖಿ ಭಾಷೆಯಲ್ಲಿ 'ಲಾ' ಅಂದರೇನೇ ಪಾಸ್. ಹಾಗಾಗಿ 'ಜೋಜಿಲಾ ಪಾಸ್' ಅನ್ನೋದು ನಮ್ಮ 'ಗೇಟುಬಾಗಿಲು' ಇದ್ದ ಹಾಗೆ. ಇದರ ಆಕಾರ ಸ್ವಲ್ಪ ವಿಚಿತ್ರ. ಸಾಮಾನ್ಯವಾಗಿ ಘಾಟಿ ಅಂದರೆ ಒಂದು ಕಡೆ ಹತ್ತೋದು, ಇನ್ನೊಂದು ಕಡೆ ಇಳಿಯೋದು. ಇಲ್ಲಿ ಹಾಗಿಲ್ಲ. ಕಾಶ್ಮೀರದ ಕಡೆ ಬಾಲ್ಟಾಲ್‌ನಿಂದ ಗೋಡೆ ಹತ್ತಿದಂತೆ ಹತ್ತಬೇಕು, ಮೇಲೆ ಹೋದರೆ ದ್ರಾಸ್ ಕಡೆಗೆ ಬಹುತೇಕ ಮಟ್ಟಸ. ಅಂದರೆ ಇದು ಒಂದು ದೊಡ್ಡ ಮೆಟ್ಟಿಲು. ಮೋಡಗಳು ಈ ಮೆಟ್ಟಿಲಿಗೇ ಬಂದು ಡಿಕ್ಕಿ ಹೊಡೆಯುತ್ತವೆ. ಅದಕ್ಕೇ ಈಚೆ ಹಸಿರು, ಆಚೆ ಬೋಳು. ನಡುವೆ ಸಿಕ್ಕವರ ಪಾಲಿಗೆ ಮಳೆ, ಮಂಜು, ಹಿಮಪಾತ.

ಈ ಮೆಟ್ಟಿಲು ಹತ್ತಿಳಿದವರ ಪಟ್ಟಿ ಉದ್ದ ಇದೆ. 14ನೇ ಶತಮಾನದಲ್ಲಿ ಲಡಾಖಿನ ರಿಂಚನ ಕಾಶ್ಮೀರಕ್ಕೆ ಬಂದು ಅಲ್ಲಿಯ ದೊರೆಯೇ ಆಗಿಬಿಟ್ಟ. 1715ರಲ್ಲಿ ಇಟಲಿಯ ಪಾದ್ರಿ ದೆಸಿದೇರಿ ಟಿಬೆಟ್ಟಿಗೆ ಹೋಗುತ್ತಾ ಇಲ್ಲಿಂದಲೇ ಲೇಹ್ ಸೇರಿದ. ಎಲ್ಲರೂ ಕಾಲ್ನಡಿಗೆ ಅಥವಾ ಕುದುರೆ, ಹೇಸರಗತ್ತೆ. ಗಾಲಿಗಳಿಗೆ ಇಲ್ಲಿ ಜಾಗವೇ ಇರಲಿಲ್ಲ.

ಈಗ 1948ಕ್ಕೆ ಬರೋಣ. ಗಿಲ್ಗಿಟ್ ಕೈತಪ್ಪಿತ್ತು. ಲೇಹ್‌ನಲ್ಲಿದ್ದದ್ದು ಬೆರಳೆಣಿಕೆಯ ಸೈನಿಕರು. ಫೆಬ್ರುವರಿಯಲ್ಲಿ, ಅಂದರೆ ಯಾರೂ ಈ ದಾರಿ ತುಳಿಯದ ಕಾಲದಲ್ಲಿ, ಪೃಥಿ ಚಂದ್ ಎಂಬ ಲಾಹೌಲಿನ ಅಧಿಕಾರಿ ಒಂದಷ್ಟು ಸ್ವಯಂಸೇವಕ ಸೈನಿಕರನ್ನು ಕಟ್ಟಿಕೊಂಡು ಹಿಮದಲ್ಲೇ ಜೋಜಿಲಾ ದಾಟಿ ಮಾರ್ಚ್ ಹೊತ್ತಿಗೆ ಲೇಹ್ ಮುಟ್ಟಿದರು. ಇಂಜಿನಿಯರ್ ಸೋನಂ ನೋರ್ಬು ಸಿಂಧೂ ನದಿಯ ಪಕ್ಕ ಒಂದು ರನ್‌ವೇ ಮಾಡಿಸಿದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನ ಇಳಿಸಿದಾಗ ಅದರಲ್ಲಿದ್ದ ಪ್ರಯಾಣಿಕ ಯಾರು ಗೊತ್ತೇ? ನಮ್ಮ ತಿಮ್ಮಯ್ಯನವರೇ. ಆದರೆ ಅದೇ ತಿಂಗಳು ಕಾರ್ಗಿಲ್ ಹೋಯಿತು, ಆಮೇಲೆ ದ್ರಾಸ್, ಜುಲೈನಲ್ಲಿ ಜೋಜಿಲಾ. ಲೇಹ್‌ಗೆ ಈ ಕಡೆಯಿಂದ ನೆಲದ ದಾರಿ ಮುಚ್ಚಿತು. ಸೆಪ್ಟೆಂಬರಿನಲ್ಲಿ ಕಾಲ್ದಳ ಮಾಡಿದ ದಾಳಿಗಳು ವಿಫಲವಾದವು. ಬಂಡೆಗಳ ಸಂದಿನಲ್ಲಿ, ಗುಹೆಗಳಲ್ಲಿ ಮೆಷಿನ್‌ಗನ್ ಇಟ್ಟುಕೊಂಡು ಕೂತವರಿಗೆ ಕೆಳಗಿನ ದಾರಿ ಅಂಗೈ ಮೇಲಿನ ಗೆರೆಯಂತೆ ಕಾಣುತ್ತಿತ್ತು. ಇನ್ನೊಂದು ತಿಂಗಳು ಕಳೆದರೆ ಪೂರ್ತಿ ಹಿಮ ಬೀಳುತ್ತೆ, ಮುಂದಿನ ಬೇಸಿಗೆವರೆಗೆ ಏನೂ ಮಾಡೋ ಹಾಗಿಲ್ಲ. ಅಷ್ಟರಲ್ಲಿ ಲೇಹ್ ಉಳಿಯುತ್ತಾ?

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. 'ಟ್ಯಾಂಕ್ ಬಂತು, ಗೆದ್ದರು' ಅಂತ ಎರಡು ಸಾಲಿನಲ್ಲಿ ಮುಗಿದುಹೋಗುವ ಕಥೆ. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ ಕೊನೆಯಲ್ಲಿ ಗೆಳೆಯನೊಬ್ಬನ ಜೊತೆ ಬೈಕಿನಲ್ಲಿ ಆ ದಾರಿ ಹತ್ತಿದಾಗಲೇ ಆ ಎರಡು ಸಾಲಿನ ನಡುವೆ ಏನೇನು ಬಿಟ್ಟುಹೋಗಿದೆ ಅಂತ ತಿಳಿದದ್ದು.

ಸೋನಾಮಾರ್ಗ್ ಬಿಟ್ಟಾಗ ತುಂತುರು. ಬಾಲ್ಟಾಲ್ ಕೆಳಗೆ ಕಾಣೋ ಹೊತ್ತಿಗೆ ಸರಿಯಾದ ಮಳೆ. ಇನ್ನೂ ಮೇಲೆ ಹೋದಂತೆ ಮಳೆಹನಿಯ ಜೊತೆ ಹಿಮದ ಚೂರು. ದಾರಿಯಲ್ಲಿ ಟಾರು ಇಲ್ಲ, ಬರೀ ಮಣ್ಣು, ಅದೂ ಲಾರಿಗಳು ಅರೆದು ಅರೆದು ದೋಸೆಹಿಟ್ಟಾಗಿತ್ತು. ಎಡಗಡೆ ಬೆಟ್ಟ, ಬಲಗಡೆ ಏನೂ ಇಲ್ಲ! ಕೈಗವಸು ನೆನೆದು ಬೆರಳು ಮರಗಟ್ಟಿ, ಕ್ಲಚ್ ಹಿಡಿದಿದ್ದೀನೋ ಬಿಟ್ಟಿದ್ದೀನೋ ಅಂತ ಕಣ್ಣಿಂದ ನೋಡಿ ತಿಳಿದುಕೊಳ್ಳಬೇಕಾಗಿತ್ತು. ಒಂದು ತಿರುವಿನಲ್ಲಿ ಮುಂದಿದ್ದ ಲಾರಿ ನಿಂತಿತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಅದರ ಹಿಂದೆ ನಾವು. ಕ್ಲೀನರ್ ಹುಡುಗ ಟಕ್ಕನೆ ಹಾರಿ ಗಾಲಿಗೆ ಕಲ್ಲು ಕೊಟ್ಟ. ಲಾರಿ ನಿಂತಾಗ ನಮಗೂ ಅದಕ್ಕೂ ಇದ್ದದ್ದು ಒಂದು ಮಾರು. ಗೆಳೆಯ ಇಳಿದು ಹಿಂದಿನಿಂದ ತಳ್ಳಿದ, ನಾನು ಎರಡೂ ಕಾಲು ನೆಲಕ್ಕೂರಿ ಗಾಡಿ ತೆವಳಿಸಿದೆ. ಮೂರು ಹೆಜ್ಜೆಗೊಮ್ಮೆ ಉಸಿರು ನಿಲ್ಲುತ್ತಿತ್ತು.

ನನ್ನ ಬೈಕಿನ ತೂಕ 200 ಕಿಲೋ ಕೂಡ ಇಲ್ಲ. 1948ರಲ್ಲಿ ಇಲ್ಲಿ ಹತ್ತಿದ ಸ್ಟುವರ್ಟ್ ಟ್ಯಾಂಕುಗಳ ತೂಕ ಒಂದೊಂದೂ 12 ಟನ್ನಿಗೂ ಹೆಚ್ಚು. ಅದೂ ಆಗ ಇದ್ದದ್ದು ರಸ್ತೆ ಅಲ್ಲ, ಹೇಸರಗತ್ತೆ ನಡೆಯುವ ಕಾಲುದಾರಿ. ಟ್ಯಾಂಕಿಗಿಂತ ಮೊದಲು ಅದಕ್ಕೆ ದಾರಿ ಬೇಕಿತ್ತಲ್ಲ?

ಆ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಹೌದು, ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಕೇಂದ್ರ ಇರುವ ಅದೇ ಪಡೆ. ಮೇಜರ್ ತಂಗರಾಜು ಅವರ ನೇತೃತ್ವದಲ್ಲಿ 13 ಮತ್ತು 433ನೇ ಫೀಲ್ಡ್ ಕಂಪನಿಗಳು ಬಾಲ್ಟಾಲ್‌ನಿಂದ ಮೇಲಕ್ಕೆ ಬಂಡೆ ಸಿಡಿಸಿ, ಮಣ್ಣು ಕಡಿದು, ಗುಂಡಿನ ಮಳೆಯ ನಡುವೆಯೇ ದಾರಿ ಅಗಲ ಮಾಡಿದವು. ಇನ್ನೊಂದು ಕಡೆ 7ನೇ ಕ್ಯಾವಲ್ರಿಯ ಟ್ಯಾಂಕುಗಳು ಜಮ್ಮು ಕಡೆಯಿಂದ ಗುಟ್ಟಾಗಿ ಹೊರಟವು. ದಾರಿಯ ಸೇತುವೆಗಳು ತಡೆಯಬೇಕು, ನೋಡಿದವರಿಗೆ ಗೊತ್ತಾಗಲೂಬಾರದು ಅಂತ ಅವುಗಳ ಗೋಪುರವನ್ನೇ ಬಿಚ್ಚಿ ಬೇರೆ ಸಾಗಿಸಿದರು.

ಅಕ್ಟೋಬರ್ 20ಕ್ಕೆ ಅಂತ ನಿಗದಿಯಾಗಿದ್ದ ದಾಳಿ ಕೆಟ್ಟ ಹವೆಯಿಂದ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಹಿಮದಲ್ಲಿ ಮೆಟ್ಟಿಲು ಹತ್ತಿದವು. ಮುಂದಿನ ಟ್ಯಾಂಕೊಂದರಲ್ಲಿ ಡಿವಿಷನ್ ಕಮಾಂಡರ್ ತಿಮ್ಮಯ್ಯ ಸ್ವತಃ ಕೂತಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರುತ್ತೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಟ್ಯಾಂಕಿನ 37 ಮಿ.ಮೀ. ತೋಪು ಗುಹೆಯ ಬಾಯಿಗೇ ನೇರ ಗುರಿ ಇಟ್ಟು ಹೊಡೆಯಬಲ್ಲದಾಗಿತ್ತು. ಹಿಂದೆಯೇ ಕಾಲ್ದಳ. ಅವತ್ತೇ ಜೋಜಿಲಾ ಕೈಗೆ ಬಂತು. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳ ಕೊನೆಯೊಳಗೆ ಕಾರ್ಗಿಲ್. ಲೇಹ್ ಕಡೆಯಿಂದ ಬಂದ ಪಡೆಯೂ ಅಲ್ಲಿ ಇವರನ್ನು ಕೂಡಿಕೊಂಡಿತು. ಲೇಹ್ ಉಳಿಯಿತು.

ಒಂದು ಮಾತು ಗಮನಿಸಿ. ದಾಳಿಯನ್ನು ಹನ್ನೆರಡು ದಿನ ತಡೆದದ್ದು ಹಿಮ. ಇನ್ನೂ ಕೆಲವು ವಾರ ತಡೆದಿದ್ದರೆ ದಾರಿಯೂ ಇಲ್ಲ, ಟ್ಯಾಂಕೂ ಇಲ್ಲ. ಎರಡು ಹಿಮಪಾತಗಳ ನಡುವೆ ಸಿಕ್ಕ ಒಂದು ಸಣ್ಣ ಕಿಂಡಿಯಲ್ಲಿ ಇವರು ನುಗ್ಗಿದ್ದು. ಆ ಕಿಂಡಿ ತೆರೆದಾಗ ದಾರಿ ತಯಾರಿತ್ತು ಅನ್ನೋದೇ ನನ್ನ ಮಟ್ಟಿಗೆ ಈ ಕಥೆಯ ತಿರುಳು. ರಾಜಿಂದರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು, ತಿಮ್ಮಯ್ಯ ಮನೆಮಾತಾದರು. ಎರಡೂ ನ್ಯಾಯವೇ. ಆದರೆ ಗುದ್ದಲಿ ಹಿಡಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮೇಲೆ ಗುಮ್ರಿಯಲ್ಲಿ ಯುದ್ಧ ಸ್ಮಾರಕ ಇದೆ. ನಾವು ತಲುಪಿದಾಗ ಮಂಜು ಕವಿದು ಅಕ್ಷರ ಓದಲು ಹತ್ತಿರ ಹೋಗಬೇಕಾಯಿತು. ಅಲ್ಲಿಗೆ ಸ್ವಲ್ಪ ಮೊದಲು ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಹೊದ್ದ ಕೆಲಸಗಾರರು ಮಳೆಯಲ್ಲೇ ಗುಂಡಿಗಳಿಗೆ ಕಲ್ಲು ತುಂಬುತ್ತಿದ್ದರು. ಯಾವ ಊರು ಅಂತ ಕೇಳಿದೆ. ಜಾರ್ಖಂಡ್ ಅಂದರು. ಅವರು ಹಾಕಿದ ಕಲ್ಲಿನ ಮೇಲೆಯೇ ನಮ್ಮ ಗಾಡಿ ಮೊದಲ ಸಲ ಜಾರದೆ ನಡೆದದ್ದು.

2025ರ ಜನವರಿಯಲ್ಲಿ ಕೆಳಗೆ ಸೋನಾಮಾರ್ಗ್ ಸುರಂಗ ಉದ್ಘಾಟನೆ ಆಯಿತು. ಜೋಜಿಲಾದ ಹೊಟ್ಟೆಯೊಳಗಿನ ಉದ್ದನೆ ಸುರಂಗದ ಕೆಲಸ 2020ರಲ್ಲಿ ಶುರುವಾದದ್ದು. ಸುರಂಗ ಆದಮೇಲೆ ಚಳಿಗಾಲದಲ್ಲೂ ಕಾಯಿಲೆಯವರು, ತರಕಾರಿ ಲಾರಿ, ಎಲ್ಲ ನಿಮಿಷಗಳಲ್ಲಿ ದಾಟಬಹುದು. ದ್ರಾಸ್, ಕಾರ್ಗಿಲ್ ಜನಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನೀವೇನಾದರೂ ಬೈಕಿನಲ್ಲಿ ಆ ಕಡೆ ಹೊರಟರೆ ಮೇಲಿನ ಹಳೇ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಕೈಗವಸು ಮಾತ್ರ ಎರಡು ಜೊತೆ ಇರಲಿ.