ಮೇಲಿನ ಕಪಾಟಿಗೆ ಹೋದ ಸೀಟು

ಹೋದ ವರ್ಷ ಚಿಕಾಗೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅವಳು, ಅವಳ ಐದು ವರ್ಷದ ಮಗಳು, ನಾನು ಮೂವರೂ ವಿಮಾನದಲ್ಲಿ ಡೆನ್ವರಿಗೆ ಹೊರಟೆವು. ಮಗುವಿನ ಬೂಸ್ಟರ್ ಸೀಟನ್ನು ಹೊರುವ ಕೆಲಸ ನನಗೆ ಬಿತ್ತು. ಬೂಸ್ಟರ್ ಎಂದರೆ ದೊಡ್ಡ ಸಾಮಾನೇನಲ್ಲ. ಊಟದ ಮಣೆಗಿಂತ ಒಂದಿಷ್ಟು ಎತ್ತರದ, ಬೆನ್ನಿಲ್ಲದ ಪ್ಲಾಸ್ಟಿಕ್ ಪೀಠ. ಮೇಲೊಂದು ಮೆತ್ತೆ, ಎರಡೂ ಬದಿಗೆ ಬೆಲ್ಟು ಹಾಯಿಸಲು ಕೊಕ್ಕೆ. ಲಗೇಜಿಗೆ ಹಾಕಿದರೆ ಎಲ್ಲಿ ಎಸೆಯುತ್ತಾರೋ, ಒಳಗೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಇಳಿದ ಕೂಡಲೇ ಕಾರಿಗೆ ಬೇರೆ ಬೇಕು ಎಂದು ಅಕ್ಕ ಅದನ್ನು ಕೈಯಲ್ಲೇ ತರಿಸಿದ್ದಳು. ನಾನು ವಿಮಾನದ ಸೀಟಿನ ಮೇಲೆ ಅದನ್ನಿಟ್ಟು ಮಗುವನ್ನು ಕೂರಿಸಿದೆ. ಗಗನಸಖಿ ಬಂದು, ಇದನ್ನು ಬಳಸುವ ಹಾಗಿಲ್ಲ, ಮೇಲಿನ ಕಪಾಟಿಗೆ ಹಾಕಿ ಎಂದರು.

"ಚಿಕ್ಕಿ, ಇದಿಲ್ಲದೆ ಅಮ್ಮ ಕಾರ್ ಸ್ಟಾರ್ಟೇ ಮಾಡಲ್ಲ. ಇಲ್ಲಿ ಯಾಕೆ ಬೇಡ?"

ಅಪ್ಪನ ಸ್ಕೂಟರಿನ ಮುಂದೆ ನಿಂತುಕೊಂಡೇ ಊರೆಲ್ಲ ಸುತ್ತಿ ಬೆಳೆದ ನನಗೆ ಉತ್ತರ ಗೊತ್ತಿರಲಿಲ್ಲ. ವಾಪಸು ಬಂದ ಮೇಲೆ, ಪ್ರಬಂಧದ ಅಧ್ಯಾಯ ಬರೆಯಬೇಕಾದ ದಿನಗಳಲ್ಲಿ, ಈ ಮಣೆಯ ಚರಿತ್ರೆ ಓದುತ್ತ ಕೂತೆ.

ಕಾರಿನಲ್ಲಿ ಮಕ್ಕಳಿಗೆಂದೇ ಮಾಡಿದ ಸೀಟುಗಳು 1930ರ ದಶಕದಲ್ಲೇ ಇದ್ದವು. ಆದರೆ ಅವುಗಳ ಉದ್ದೇಶ ರಕ್ಷಣೆಯಲ್ಲ. ಮಗು ಕೂತಲ್ಲೇ ಕೂತಿರಲಿ, ಕಿಟಕಿಯಾಚೆ ನೋಡಲಿ ಎಂಬುದಷ್ಟೆ. 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು ಬಂದಿತು. ಅದು ದೊಡ್ಡವರ ಅಳತೆಗೆ ಮಾಡಿದ್ದು. ಪುಟ್ಟ ಮಗುವಿಗೆ ಕಟ್ಟಿದರೆ ಮೇಲಿನ ಪಟ್ಟಿ ಕುತ್ತಿಗೆಗೆ, ಕೆಳಗಿನದು ಹೊಟ್ಟೆಗೆ ಬರುತ್ತಿತ್ತು. ಬೂಸ್ಟರ್ ಹುಟ್ಟಿದ್ದು ಈ ತೊಡಕಿನಿಂದ. ಅದು ತಾನಾಗಿ ಮಗುವನ್ನು ಹಿಡಿಯುವುದಿಲ್ಲ. ಬೆಲ್ಟು ಭುಜಕ್ಕೂ ಸೊಂಟದ ಮೂಳೆಗೂ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುತ್ತದೆ, ಅಷ್ಟೆ.

ವಿಮಾನದ ಸೀಟಿನಲ್ಲಿ ಭುಜದ ಪಟ್ಟಿಯೇ ಇಲ್ಲ. ಅಂದ ಮೇಲೆ ಬೂಸ್ಟರಿಗೆ ಅಲ್ಲಿ ಕೆಲಸವೂ ಇಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 1990ರ ದಶಕದ ಮೊದಲರ್ಧದಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಒಕ್ಲಹೋಮ ಸಿಟಿಯ ತನ್ನ ಸಂಸ್ಥೆಯಲ್ಲಿ ಮಗುವಿನ ಗಾತ್ರದ ಗೊಂಬೆಗಳನ್ನು ಕೂರಿಸಿ ಪರೀಕ್ಷೆ ನಡೆಸಿತು. ವಿಮಾನದ ಸೀಟಿನ ಬೆನ್ನು ಮುಂದಕ್ಕೆ ಮಡಚಿಕೊಳ್ಳುತ್ತದೆ; ಅಪಘಾತದಲ್ಲಿ ಹಿಂದಿನವರು ಅದಕ್ಕೆ ಬಡಿದಾಗ ಬೆನ್ನಿಲ್ಲದ ಬೂಸ್ಟರಿನಲ್ಲಿರುವ ಮಗು ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. 1996ರಲ್ಲಿ ನಿಯಮ ಬಂತು: ವಿಮಾನ ನೆಲದ ಮೇಲೆ ಚಲಿಸುವಾಗ, ಏರುವಾಗ, ಇಳಿಯುವಾಗ ಬೂಸ್ಟರ್ ಬಳಸಕೂಡದು. ತಾಯಿಯ ಬೆಲ್ಟಿಗೆ ಸಿಕ್ಕಿಸಿ ಮಗುವಿನ ಹೊಟ್ಟೆಗೆ ಕಟ್ಟುವ ಕುಣಿಕೆ ಬೆಲ್ಟನ್ನೂ ಅದೇ ನಿಯಮ ಹೊರಗಿಟ್ಟಿತು. ದೊಡ್ಡವರ ಮೈ ಮುಂದಕ್ಕೆ ಬಾಗಿದರೆ ಅದರ ಭಾರವೆಲ್ಲ ಮಗುವಿನ ಮೇಲೆ. ಯುರೋಪಿನಲ್ಲಿ, ನಮ್ಮ ದೇಶದ ವಿಮಾನಗಳಲ್ಲಿ ಗಗನಸಖಿಯರು ಇವತ್ತಿಗೂ ತಂದುಕೊಡುವುದು ಅದನ್ನೇ.

ಇಲ್ಲಿಯವರೆಗೆ ನಿಯಮದ ಜೊತೆ ನನಗೆ ಜಗಳವಿಲ್ಲ. ಆದರೆ ಎರಡು ವರ್ಷದೊಳಗಿನ ಕೂಸನ್ನು ಟಿಕೆಟ್ಟೂ ಇಲ್ಲದೆ, ಪಟ್ಟಿಯೂ ಇಲ್ಲದೆ, ಬರೀ ತೊಡೆಯ ಮೇಲೆ ಕೂರಿಸಿಕೊಳ್ಳಲು ಮಾತ್ರ ಯಾವ ಅಡ್ಡಿಯೂ ಬರಲಿಲ್ಲ. ಸಾಲದು ಎಂದು ಬೂಸ್ಟರನ್ನು ತಳ್ಳಿದವರು, ಏನೂ ಇಲ್ಲದ ಎರಡು ತೋಳುಗಳನ್ನು ಸಾಕು ಎಂದು ಬಿಟ್ಟರು.

ತೋಳುಗಳು ಸಾಲುವುದಿಲ್ಲ ಎಂಬುದು ಅಷ್ಟರಲ್ಲಾಗಲೇ ಗೊತ್ತಾಗಿತ್ತು. 1989ರ ಜುಲೈ 19ರಂದು ಡೆನ್ವರಿನಿಂದ ಚಿಕಾಗೋಗೆ ಹೊರಟ ಯುನೈಟೆಡ್ 232 ವಿಮಾನದ ಬಾಲದ ಎಂಜಿನು ಸಿಡಿದು, ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಸತ್ತವು. ಒಳಗಿದ್ದವರು 296 ಜನ; ಅವರಲ್ಲಿ ನಾಲ್ಕು ತೊಡೆಯ ಮೇಲಿನ ಕೂಸುಗಳು. ಹಿರಿಯ ಗಗನಸಖಿ ಜಾನ್ ಬ್ರೌನ್, ತರಬೇತಿಯಲ್ಲಿ ಕಲಿಸಿದ್ದಂತೆ, ಕೂಸುಗಳನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ಪ್ರಯಾಣಿಕರಿಗೆ ಹೇಳಿದರು. ಅಯೋವಾದ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿದ ವಿಮಾನ ಒಡೆದು, ಅವರಿದ್ದ ಭಾಗ ಮಗುಚಿಬಿತ್ತು. ಹೊರಬಂದಿದ್ದ ಪ್ರಯಾಣಿಕನೊಬ್ಬ ಅಳು ಕೇಳಿ ಹೊಗೆಯೊಳಕ್ಕೆ ಮತ್ತೆ ನುಗ್ಗಿದಾಗ, ಹನ್ನೊಂದು ತಿಂಗಳ ಹೆಣ್ಣುಕೂಸೊಂದು ಸಿಕ್ಕಿದ್ದು ಲಗೇಜಿನ ಕಪಾಟಿನೊಳಗೆ. ಅದು ಬದುಕಿತು. ಇನ್ನೊಂದು ಕೂಸು ಬದುಕಲಿಲ್ಲ. ಮಗನನ್ನು ಹುಡುಕುತ್ತ ಉರಿಯುವ ವಿಮಾನದತ್ತ ಹೊರಟ ಆ ತಾಯಿಗೆ ಎದುರಾದವರು ಜಾನ್ ಬ್ರೌನ್. ಸತ್ತವರು ಒಟ್ಟು 112 ಮಂದಿ.

ಮರುವರ್ಷವೇ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಕೂಸುಗಳಿಗೂ ಪಟ್ಟಿಯಿರುವ ಸೀಟು ಕಡ್ಡಾಯವಾಗಲಿ ಎಂದಿತು. ವಿಮಾನಯಾನ ಆಡಳಿತದ್ದು ಬೇರೆ ಲೆಕ್ಕ: ಕೂಸಿಗೂ ಟಿಕೆಟ್ ಎಂದರೆ ಸಂಸಾರಸ್ಥರು ವಿಮಾನ ಬಿಟ್ಟು ಕಾರು ಹತ್ತುತ್ತಾರೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಜನ ಸಾಯುತ್ತಾರೆ. 2005ರಲ್ಲಿ ಅದು ಕಡ್ಡಾಯದ ಮಾತನ್ನೇ ಕೈಬಿಟ್ಟಿತು. ಲೆಕ್ಕ ತಪ್ಪು ಎನ್ನಲು ನನಗೆ ಧೈರ್ಯವಿಲ್ಲ.  ಬದುಕುಳಿದ ಜಾನ್ ಬ್ರೌನ್ ಆ ಕಡ್ಡಾಯಕ್ಕಾಗಿ ದಶಕಗಳ ಕಾಲ ವಾಷಿಂಗ್ಟನ್ನಿನ ಬಾಗಿಲು ತಟ್ಟಿದರು.

ಡೆನ್ವರಿನಲ್ಲಿ ಇಳಿಯುವಾಗ ಇದೊಂದೂ ನನಗೆ ತಿಳಿದಿರಲಿಲ್ಲ. ಸೊಂಟದ ಬೆಲ್ಟೊಂದನ್ನೇ ಕಟ್ಟಿಕೊಂಡು ಮಗು ನಿದ್ದೆ ಹೋಗಿತ್ತು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಆರೇಳು ತಿಂಗಳ ಕೂಸನ್ನು ಎದೆಗವಚಿಕೊಂಡಿದ್ದರು. ಚಕ್ರ ನೆಲ ಮುಟ್ಟುವಾಗ ಅವರ ಬೆರಳುಗಳು ಕೂಸಿನ ಬೆನ್ನ ಮೇಲೆ ಬಿಗಿಯಾದವು. ವಿಮಾನ ನಿಂತ ಮೇಲೆ ನಾನು ಎದ್ದು ಕಪಾಟಿನಿಂದ ಬೂಸ್ಟರ್ ಇಳಿಸಿದೆ. ಹೊರಗೆ ಅಕ್ಕನ ಗೆಳತಿ ಕಾರು ತಂದಿದ್ದರು.