ತಂತಿಗೆ ಕಡಿವಾಣ ಹಾಕಿದ ಸ್ಪಂಜಿನ ಕಥೆ

ಕಳೆದ ಕ್ರಿಸ್ಮಸ್ ಹಾಡುಗಳ ಅಭ್ಯಾಸದ ಹೊತ್ತಿನಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು, "ತಮ್ಮಾ, ನಿನ್ನ ಗಿಟಾರ್ ಗುಂಯ್ ಅನ್ನೂದ್ರಾಗ ನಮ್ಮ ಹಾಡೇ ಮುಣಗಿ ಹೋತಲ್ಲ" ಅಂದರು. ನನಗೆ ಚುಚ್ಚಿತು. ನಮ್ಮ ಜಳಕೋಟದ ಕಡೆ ಇದು ಸಣ್ಣ ಮಾತಲ್ಲ. ಉದಗೀರ, ನಿಲಂಗಾ 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಗಡಿಯ ಈಚೆಗೆ ಬಂದವು. ಈಗ ಮಕ್ಕಳು ಕಲಿಯುವುದು ಮರಾಠಿ ಶಾಲೆಯಲ್ಲಿ. ಕನ್ನಡದ ಹಾಡನ್ನು ಅವರು ಪುಸ್ತಕ ನೋಡಿ ಕಲಿಯುವುದಿಲ್ಲ, ಅಜ್ಜಿಯ ಬಾಯಿಂದ ಕೇಳಿ ಕಲಿಯುತ್ತಾರೆ. ಆ ಮಾತುಗಳನ್ನೇ ನನ್ನ ಬೇಸ್ ಗಿಟಾರ್ ನುಂಗುತ್ತಿತ್ತು.

ಸೌಂಡ್ ತಗ್ಗಿಸಿದೆ, ಗುಂಯ್ ಅನ್ನುವುದು ಹೋಗಲಿಲ್ಲ. ಒಂದು ಸ್ವರ ಆರುವ ಮೊದಲೇ ಮುಂದಿನದು ಬಂದು ಬೆರೆಯುತ್ತಿತ್ತು. ಕೊನೆಗೆ ಪಾತ್ರೆ ತಿಕ್ಕುವ ಹೊಸ ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ಬ್ರಿಡ್ಜಿನ ಪಕ್ಕ ತಂತಿಗಳ ಕೆಳಗೆ ತುರುಕಿದೆ. ಕೆಲಸ ಆಯಿತು! ನಾನೇ ಕಂಡುಹಿಡಿದೆನೆಂದು ಎರಡು ದಿನ ಬೀಗಿದೆ. ಓದಿ ನೋಡಿದರೆ ಈ ಉಪಾಯಕ್ಕೆ ಎಪ್ಪತ್ತು ವರ್ಷ ದಾಟಿದೆ.

ಅಮೆರಿಕದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. 1951ರಲ್ಲಿ ಅವರ ಕಂಪನಿ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರ್ ತಂದಿತು. ಅಲ್ಲಿಯವರೆಗೆ ಬೇಸ್ ಎಂದರೆ ಆಳೆತ್ತರದ ಮರದ ಡಬಲ್ ಬೇಸ್. ಅದರ ಸ್ವರ 'ದುಂ' ಎಂದು ಹುಟ್ಟಿ ಬೇಗನೆ ಆರುತ್ತದೆ. ಗಟ್ಟಿ ಮರಕ್ಕೆ ಕಟ್ಟಿದ ತಂತಿ ಹಾಗೆ ಆರುವುದಿಲ್ಲ. ಜನರ ಕಿವಿಗೆ ಒಗ್ಗಿದ ಹಳೆಯ ದುಂ ಬೇಕಲ್ಲ? ಅದಕ್ಕೇ ಬ್ರಿಡ್ಜಿನ ಮೇಲೆ ಹೊಳೆಯುವ ಲೋಹದ ಮುಚ್ಚಳ, ಅದರ ಒಳಗೆ ತಂತಿಗೆ ತಾಗುವ ಮೆತ್ತನೆಯ ತುಂಡು. ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಆ ತುಂಡನ್ನು ತೆಗೆಯಲೇ ಇಲ್ಲ. ಕ್ಯಾರಲ್ ಕೇ ಎಂಬ ಬೇಸ್ ವಾದಕಿ ಫೆಲ್ಟ್ ಬಟ್ಟೆಯನ್ನು ಟೇಪ್ ಹಾಕಿ ಅಂಟಿಸಿಕೊಳ್ಳುತ್ತಿದ್ದರು.

ಆಮೇಲೆ ತಯಾರಕರ ಉತ್ಸಾಹ ಹೆಚ್ಚಾಯಿತು. 1960ರ ಜಾಝ್ ಬೇಸ್‌ಗೆ ತಂತಿಗೊಂದರಂತೆ ಸ್ಪ್ರಿಂಗ್ ಇದ್ದ ಮ್ಯೂಟ್. 1962ರ ಜಾಗ್ವಾರ್ ಗಿಟಾರಿಗೆ ಒಂದು ತುದಿ ಒತ್ತಿದರೆ ಏರುವ, ಇನ್ನೊಂದು ತುದಿ ಒತ್ತಿದರೆ ಇಳಿಯುವ ಪಟ್ಟಿ. ಗ್ರೆಚ್ ಕಂಪನಿಯ ಕಂಟ್ರಿ ಜೆಂಟಲ್‌ಮನ್‌ನಲ್ಲಿಯೂ ಮ್ಯೂಟ್ ಇತ್ತು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ನುಡಿಸಿದ ಗಿಟಾರ್ ಅದು.

ಆದರೆ ಈ ಜಾಗ್ವಾರ್ ಪಟ್ಟಿಯನ್ನು ಎಷ್ಟೋ ಜನ ಬಿಚ್ಚಿಟ್ಟರು. ಕೆಳಗಿನಿಂದ ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಕೊಂಚ ಏರುತ್ತದೆ. ಒತ್ತು ಸಮನಾಗಿಲ್ಲದಿದ್ದರೆ ಒಂದು ತಂತಿ ಸತ್ತು ಇನ್ನೊಂದು ಮೊಳಗುತ್ತದೆ. ವರ್ಷ ಕಳೆದಂತೆ ಫೋಮ್ ಪುಡಿಯಾಗುತ್ತದೆ ಅಥವಾ ಅಂಟಂಟಾಗುತ್ತದೆ. ಇಷ್ಟೆಲ್ಲ ಮಾಡುವ ಬದಲು ಬಲಗೈ ಅಂಗೈಯ ಅಂಚನ್ನು ತಂತಿಯ ಮೇಲಿಟ್ಟರೆ ಸಾಕಲ್ಲ! ನನಗೂ ಅದೇ ಸರಿ ಅನ್ನಿಸುತ್ತದೆ, ಗಿಟಾರಿನ ಮಟ್ಟಿಗೆ. ಬೇಸ್‌ನಲ್ಲಿ ಬೆರಳಿನಿಂದ ಮೀಟುವಾಗ ಅಂಗೈ ಇಡುವುದು ಕಷ್ಟ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್‌ನಲ್ಲಿ ಬೆರಳಲ್ಲೇ ತಿರುಗಿಸುವ ಸ್ಕ್ರೂಗಳಿರುವ ಮ್ಯೂಟ್ ಮತ್ತೆ ಬಂದದ್ದು ಬಹುಶಃ ಅದಕ್ಕೇ.

ತಮಾಷೆಯೆಂದರೆ, ನಮ್ಮ ರಾಜ್ಯದಲ್ಲೇ ಇರುವ ಮಿರಜದ ತಂಬೂರಿ ಕುಶಲಕರ್ಮಿಗಳದು ಇದಕ್ಕೆ ತೀರ ಉಲ್ಟಾ ವಿದ್ಯೆ. ಅವರ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ತಂಬೂರಿಯಲ್ಲಿ ಬ್ರಿಡ್ಜಿಗೆ 'ಕುದುರೆ' ಅನ್ನುತ್ತೇವೆ. ಆ ಕುದುರೆಗೂ ತಂತಿಗೂ ನಡುವೆ ಒಂದು ಹತ್ತಿ ದಾರ ಸರಿಸಿ ಕೂರಿಸಿದರೆ ತಂತಿ ಝೇಂಕರಿಸುತ್ತದೆ. ಜೀವಾಳ ಎಂಬುದು ಅದೇ. ಕೂದಲೆಳೆಯಷ್ಟು ಸರಿದರೂ ನಾದ ಮಂಕು. ಅಲ್ಲಿ ದಾರ ನಾದಕ್ಕೆ ಜೀವ ಕೊಡುತ್ತದೆ, ಇಲ್ಲಿ ಸ್ಪಂಜು ಅದನ್ನು ಆರಿಸುತ್ತದೆ. ಎರಡೂ ಕೂರುವುದು ಕುದುರೆಯ ಹತ್ತಿರವೇ.

ಯಾಕೆ ಅಲ್ಲೇ? ಬಿಎಸ್ಸಿಯಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಬ್ರಿಡ್ಜಿನ ಬಳಿ ತಂತಿಯ ಮೂಲ ಕಂಪನ ತೀರ ಸಣ್ಣದು, ಅದಕ್ಕೆ ಹೋಲಿಸಿದರೆ ಮೇಲಿನ ಉಪಸ್ವರಗಳ ಅಲುಗಾಟ ಹೆಚ್ಚು. ಹಾಗಾಗಿ ಸ್ಪಂಜು ಮೊದಲು ಉಪಸ್ವರಗಳನ್ನು ಹೀರುತ್ತದೆ, ಮೂಲ ಸ್ವರ ಉಳಿಯುತ್ತದೆ. ಬ್ರಿಡ್ಜಿನಿಂದ ದೂರ ಸರಿಸಿದಷ್ಟೂ ಬರೀ 'ಟಕ್' ಎಂಬ ಸದ್ದು. ನಮ್ಮ ಬೇಸ್‌ನಲ್ಲಿ ದಪ್ಪ ತಂತಿ ಇನ್ನೂ ಮೊಳಗುತ್ತಿದ್ದಾಗ ಅದರ ಕೆಳಗೆ ಮಾತ್ರ ಒಂದು ತೆಳು ಪದರ ಸೇರಿಸಿದೆ. ಆಮೇಲೆ ಸ್ಪಂಜು ಒಳಗಿರುವಾಗಲೇ ಶ್ರುತಿ ಮಾಡಿದೆ. ಮೊದಲ ದಿನ ಇದನ್ನು ಮರೆತು ಕೀಬೋರ್ಡ್ ನುಡಿಸುವ ತಂಗಿಯಿಂದ ಬೈಸಿಕೊಂಡಿದ್ದೆ.

ಈಸ್ಟರ್ ದಿನ ಅಜ್ಜಿ ನನಗೆ ಏನೂ ಅನ್ನಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ತಪ್ಪು ಹಾಡಿದಾಗ ಅವಳನ್ನು ತಿದ್ದುತ್ತಿದ್ದರು, ಅದು ನನಗೆ ವೇದಿಕೆಯ ಮೇಲೂ ಕೇಳಿಸಿತು. ಸ್ಪಂಜು ಈಗ ಒಣಗಿ ಗಟ್ಟಿಯಾಗಿದೆ. ಈ ವಾರ ಹೊಸದು ತರಬೇಕು.