ಕವಡೆಯ ಕಿಮ್ಮತ್ತು

ಸಗರನಾಡಿಗೂ ಸಾಗರಕ್ಕೂ ಹೆಸರಿನಲ್ಲಷ್ಟೇ ನೆಂಟು. ಶಹಾಪುರದಿಂದ ಕಡಲು ನೂರಾರು ಕಿಲೋಮೀಟರ್ ದೂರ. ಆದರೂ ನಮ್ಮವರು ಎತ್ತಿನ ಕೊರಳಿಗೆ ಕವಡೆ ಸರ ಕಟ್ಟುತ್ತಾರೆ, ಕವಡೆ ಉರುಳಿಸಿ ಚೌಕಾಬಾರ ಆಡುತ್ತಾರೆ. ಸಿಟ್ಟು ಬಂದರೆ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವೆಲ್ಲ ಬೈಯುತ್ತೇವೆ. ಆ ಕಿಮ್ಮತ್ತು ಒಂದು ಕಾಲಕ್ಕೆ ಎಷ್ಟಿತ್ತು?

ಕವಡೆಯೆಂದರೆ ಕಡಲಿನ ಒಂದು ಬಗೆಯ ಬಸವನಹುಳುವಿನ ಚಿಪ್ಪು. 1758ರಲ್ಲಿ ಲಿನೇಯಸ್ ಈ ಜಾತಿಗೆ ‘ಮೊನೇಟಾ’ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಹಾಗೆಂದರೆ ಹಣ. ಹುಳು ಬಲಿತಾಗ ಚಿಪ್ಪಿನ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಹಲ್ಲುಗಳ ಸಾಲಿರುವ ಸಣ್ಣ ಸೀಳೊಂದೇ ಉಳಿಯುತ್ತದೆ. ಜೀವಂತವಿರುವಾಗ ಹುಳುವಿನ ಮೆತ್ತನೆಯ ಹೊದಿಕೆ ಚಿಪ್ಪಿನ ಮೇಲೂ ಹರಡಿ ಅದನ್ನು ಹೊಳಪಾಗಿಡುತ್ತದೆ. ಉದ್ದ ಸುಮಾರು 2 ಸೆಂಟಿಮೀಟರ್. ಅದು ಸುಲಭಕ್ಕೆ ಒಡೆಯದು, ತುಕ್ಕು ಹಿಡಿಯದು, ಅದರ ಖೋಟಾ ಮಾಡುವುದೂ ಕಷ್ಟ. ಟಂಕಸಾಲೆಯಿಲ್ಲದೆ ಸಮುದ್ರವೇ ಹೊಡೆದುಕೊಟ್ಟ ನಾಣ್ಯವಿದು.

1150ರಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯ ಹಣದ ಲೆಕ್ಕವನ್ನು ಕವಡೆಯಿಂದಲೇ ಆರಂಭಿಸಿದರು: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. ಕವಡೆಯ ದೊಡ್ಡ ಕಣಜ ಮಾಲ್ಡೀವ್ಸ್ ದ್ವೀಪಗಳು. 1343–44ರಲ್ಲಿ ಅಲ್ಲಿ ಖಾಝಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ ಅದನ್ನು ಕಣ್ಣಾರೆ ಕಂಡವರು. ಹುಳುಗಳನ್ನು ಗುಂಡಿಯಲ್ಲಿ ಹಾಕಿಟ್ಟರೆ ಮಾಂಸ ಕರಗಿ ಬಿಳಿ ಚಿಪ್ಪು ಉಳಿಯುತ್ತಿತ್ತು. ಬಂಗಾಳದವರು ಅಕ್ಕಿ ಕೊಟ್ಟು ಅದನ್ನು ಒಯ್ಯುತ್ತಿದ್ದರು. ಅಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ ಸಿಗುತ್ತಿತ್ತು. ಮುಂದೆ ಆಫ್ರಿಕದ ಮಾಲಿಯಲ್ಲಿ ಅದೇ ದೀನಾರಿಗೆ 1,150 ಮಾತ್ರ ಎಂದು ಅವರು ಬರೆದಿದ್ದಾರೆ.

ಈ ಅಂತರದ ಲಾಭವನ್ನು ಯುರೋಪಿನ ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದರು. 18ನೇ ಶತಮಾನದಲ್ಲಿ ಅವರು ಹಿಂದೂ ಮಹಾಸಾಗರದ ಕವಡೆಯನ್ನು ಹಡಗುಗಟ್ಟಲೆ ಪಶ್ಚಿಮ ಆಫ್ರಿಕಕ್ಕೆ ಸಾಗಿಸಿ, ಅದನ್ನು ತೆತ್ತು ಮನುಷ್ಯರನ್ನು ಗುಲಾಮರಾಗಿ ಖರೀದಿಸಿದರು.

ನಮ್ಮ ದೇಶದಲ್ಲಿ ಕವಡೆ ಬಡವರ ಹಣವಾಗಿತ್ತು. ಹಿಡಿ ಉಪ್ಪಿಗೆ, ಎರಡು ಎಲೆ ಅಡಿಕೆಗೆ ಬೆಳ್ಳಿ ನಾಣ್ಯ ಮುರಿಸುವವರಾರು? 1803ರಲ್ಲಿ ಒರಿಸ್ಸಾವನ್ನು ಗೆದ್ದ ಕಂಪನಿ ಸರಕಾರ ಕಂದಾಯವನ್ನು ಬೆಳ್ಳಿಯಲ್ಲೇ ಕೊಡಬೇಕೆಂದಿತು. ರೈತನ ಕೈಯಲ್ಲಿದ್ದ ಕವಡೆಯ ಬೆಲೆ ಕುಸಿಯಿತು. 1817ರ ಪಾಯಿಕ ದಂಗೆಗೆ ಇದೂ ಒಂದು ಕಾರಣ.

ಚಿಪ್ಪು ಮಾತ್ರ ಬದಲಾಗಲಿಲ್ಲ. ಅದೇ ಹೊಳಪು, ಅದೇ ಹಲ್ಲು. ಬದಲಾದದ್ದು ಆಳುವವರ ಮಾತು. ಬಡವನ ಗಂಟಿನಲ್ಲಿದ್ದ ಹಣ ಒಂದು ಆಜ್ಞೆಯಿಂದ ಎತ್ತಿನ ಕೊರಳ ಅಲಂಕಾರವೂ ನಮ್ಮ ಬಾಯಿಯ ಬೈಗುಳವೂ ಆಗಿ ಉಳಿಯಿತು. ಯಾರನ್ನಾದರೂ ಕವಡೆಗೆ ಹೋಲಿಸಿ ಹಳಿಯುವ ಮುನ್ನ ನಾವು ಇದನ್ನೊಮ್ಮೆ ನೆನೆಯಬೇಕು.